ನಂಜು, ಪ್ರಾಣವಾಯು, ನೆಲ್ಲಿಕಾಯಿ

(ಬಾನುಲಿ ಭಾಷಣ)



ಕನ್ನಡದಲ್ಲಿ 'ನಂಜು' ಎಂಬ ಒಂದು ಹಳೆಯ ಮಾತಿದೆ. ವಿಷ ಎಂಬುದು ಅದರ ಮೊದಲ ಅರ್ಥ. ತಮಿಳಿನಲ್ಲಿಯೂ ಹೆಚ್ಚುಕಡಿಮೆ ಇದೇ ರೂಪದಲ್ಲಿ, ಇದೇ ಅರ್ಥದಲ್ಲಿ ಅದು ಬಳಕೆಯಲ್ಲಿದೆ. ಹಾಲಾಹಲವನ್ನು ಉಂಡ ಶಿವ ನಂಜುಂಡನಾದ; ಅವನು ನೆಲೆಸಿದ ಊರು ನಂಜನಗೂಡಾಯಿತು. ಹಳ್ಳಿಯ ಮಾತಿನಲ್ಲಿ ಈ ಶಬ್ದಕ್ಕೆ ಇನ್ನೊಂದು ಬಳಕೆಯೂ ಉಂಟು. ಗಾಯ ಕೆಂಪಾಗಿ ಊದಿಕೊಂಡು ಕೀವುಗಟ್ಟಿದರೆ 'ನಂಜಾಯಿತು' ಎನ್ನುತ್ತಾರೆ. ಅದರ ಹಿಂದೆಯೇ ಚಳಿಜ್ವರ ಬಂದು ರೋಗಿಗೆ ಎಚ್ಚರ ತಪ್ಪಿದರೆ 'ನಂಜು ಮೈಗೇರಿತು' ಎನ್ನುತ್ತಾರೆ. ಗಾಯದ ನಂಜು ಬೇರೆ, ಮೈಗೇರಿದ ನಂಜು ಬೇರೆ ಎಂಬ ವಿವೇಕ ಈ ಎರಡು ಮಾತುಗಳಲ್ಲಿಯೇ ಅಡಗಿದೆ.

ವೈದ್ಯರು ಇಂದು 'ಸೆಪ್ಸಿಸ್' ಎಂದು ಕರೆಯುವುದು ಈ ಎರಡನೆಯದನ್ನು. ಅದು ಗ್ರೀಕ್ ಭಾಷೆಯ ಮಾತು; ಕೊಳೆಯುವುದು ಎಂದು ಅದರ ಅರ್ಥ. ಬಹುಕಾಲ ಅದನ್ನು ರಕ್ತದಲ್ಲಿ ಕ್ರಿಮಿಗಳು ತುಂಬಿಕೊಳ್ಳುವ ರೋಗವೆಂದೇ ತಿಳಿಯಲಾಗಿತ್ತು. 2016ರಲ್ಲಿ ತಜ್ಞರು ಅದರ ಲಕ್ಷಣವಾಕ್ಯವನ್ನು ತಿದ್ದಿ ಬರೆದರು. ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಹತೋಟಿ ತಪ್ಪಿ, ಅದರಿಂದ ಅಂಗಾಂಗಗಳು ಕೆಲಸ ನಿಲ್ಲಿಸಿ ಪ್ರಾಣಕ್ಕೆ ಕುತ್ತು ಬರುವ ಸ್ಥಿತಿಯೇ ಸೆಪ್ಸಿಸ್ ಎಂಬುದು ಈಗಿನ ಒಪ್ಪಿತ ವಿವರಣೆ. ಎಂದರೆ, ಕೊಲ್ಲುವುದು ಹೊರಗಿನಿಂದ ಬಂದ ಕ್ರಿಮಿ ಮಾತ್ರವಲ್ಲ. ಅದರ ಮೇಲೆ ದೇಹ ಹೂಡಿದ ಯುದ್ಧವೂ ಕೊಲ್ಲುತ್ತದೆ. 2017ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ 89 ಲಕ್ಷ ಜನರಿಗೆ ಸೆಪ್ಸಿಸ್ ಆಯಿತೆಂದೂ, ಸುಮಾರು 1 ಕೋಟಿ 10 ಲಕ್ಷ ಜನ ಸತ್ತರೆಂದೂ ಒಂದು ವಿಸ್ತಾರವಾದ ಲೆಕ್ಕಾಚಾರ ಹೇಳುತ್ತದೆ. ಆ ವರ್ಷ ಸಂಭವಿಸಿದ ಪ್ರತಿ ಐದು ಸಾವುಗಳಲ್ಲಿ ಒಂದು ಇದರದ್ದು.

ಜೀವಮಾನವೆಲ್ಲ ಹಳಗನ್ನಡ ಪಾಠ ಹೇಳಿದ ನನಗೆ ಈ ವಿಷಯದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. 2018ರಲ್ಲಿ ನನ್ನ ತಮ್ಮ ಇದೇ ನಂಜಿನಿಂದ ತೀರಿಕೊಂಡ. ಕಬ್ಬಿನ ಗದ್ದೆಯಲ್ಲಿ ಬರಿಗಾಲಿನಲ್ಲಿ ನಡೆಯುವಾಗ ಕೂಳೆ ಅಂಗಾಲಿಗೆ ಚುಚ್ಚಿತ್ತು. ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಅರಿಸಿನ ಹಚ್ಚಿ ಬಟ್ಟೆ ಕಟ್ಟಿಕೊಂಡು ಎರಡು ದಿನ ಓಡಾಡಿದ. ಮೂರನೆಯ ದಿನ ಸಂಜೆ ಅವನ ಹೆಂಡತಿ ನನಗೆ ಫೋನು ಮಾಡಿ, "ಭಾವ, ಇವರಿಗೆ ಮೈಯೆಲ್ಲ ನಡುಗ್ತಾ ಇದೆ, ಏನೇನೋ ಮಾತಾಡ್ತಾರೆ, ನನ್ನ ಗುರುತೂ ಸರಿಯಾಗಿ ಹತ್ತುತ್ತಾ ಇಲ್ಲ" ಎಂದಳು. "ಜ್ವರದ ಬಡಬಡಿಕೆ ಇರಬೇಕಮ್ಮ, ಹಣೆಗೆ ಒದ್ದೆ ಬಟ್ಟೆ ಹಾಕು, ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ" ಎಂದೆ. ಬೆಳಿಗ್ಗೆ ಹೋದೆ. ಆಸ್ಪತ್ರೆಗೆ ಸೇರಿಸಿದ ಆರನೆಯ ದಿನ ಅವನು ಹೋದ. ಈ ಮಾತಿಗೆ ಮತ್ತೆ ಬರುತ್ತೇನೆ. ಅವನು ಹೋದ ಮೇಲೆ ಈ ರೋಗದ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದುವುದು ನನಗೊಂದು ಗೀಳಾಯಿತು. ಆ ಓದಿನ ಒಂದು ಎಳೆಯನ್ನಷ್ಟೇ ಇಂದು ನಿಮ್ಮ ಮುಂದಿಡುತ್ತೇನೆ.

ಆ ಎಳೆ ನಾವು ಉಸಿರಾಡುವ ಗಾಳಿಯಿಂದ ಮೊದಲಾಗುತ್ತದೆ. ಗಾಳಿಯಲ್ಲಿರುವ ಒಂದೇ ಅನಿಲಕ್ಕೆ ಕನ್ನಡದಲ್ಲಿ ಎರಡು ಹೆಸರು: ಪ್ರಾಣವಾಯು, ಆಮ್ಲಜನಕ. ಮೊದಲನೆಯದು ನಮ್ಮ ಭಕ್ತಿಯಿಂದ ಹುಟ್ಟಿದ್ದು. ಎರಡನೆಯದು ಫ್ರಾನ್ಸಿನ ಲವಾಸಿಯೇ ಇಟ್ಟ 'ಆಕ್ಸಿಜನ್' ಎಂಬ ಹೆಸರಿನ ತದ್ವತ್ ಅನುವಾದ. ಎಲ್ಲ ಆಮ್ಲಗಳೂ ಈ ಅನಿಲದಿಂದಲೇ ಹುಟ್ಟುತ್ತವೆಂದು ಅವನು ನಂಬಿದ್ದ. ಆ ನಂಬಿಕೆ ಮುಂದೆ ಸುಳ್ಳಾಯಿತು. ಹೆಸರು ಮಾತ್ರ ಉಳಿಯಿತು. 1774ರಲ್ಲಿ ಇದೇ ಅನಿಲವನ್ನು ಬೇರ್ಪಡಿಸಿದ ಇಂಗ್ಲೆಂಡಿನ ಪ್ರೀಸ್ಟ್ಲಿ ಅದರಲ್ಲಿ ಮೇಣದ ಬತ್ತಿ ಬಹು ಪ್ರಖರವಾಗಿ ಉರಿಯುವುದನ್ನು ಕಂಡ. ಕಂಡು ಸಂತೋಷಪಟ್ಟದ್ದಷ್ಟೇ ಅಲ್ಲ, ಒಂದು ಶಂಕೆಯನ್ನೂ ಬರೆದಿಟ್ಟ: ಈ ಶುದ್ಧವಾದ ಗಾಳಿಯಲ್ಲಿ ಬತ್ತಿ ಬೇಗ ಉರಿದುಹೋಗುವಂತೆ, ಇದನ್ನೇ ಸೇವಿಸುವ ಪ್ರಾಣಿಯ ಆಯುಸ್ಸೂ ಬೇಗ ತೀರಬಹುದಲ್ಲವೆ?

ಆ ಶಂಕೆ ಸುಳ್ಳಲ್ಲವೆಂದು ತಿಳಿಯಲು ಎರಡು ಶತಮಾನ ಹಿಡಿಯಿತು. ಉಂಡ ಅನ್ನವನ್ನು ನಮ್ಮ ಜೀವಕೋಶಗಳು ಆಮ್ಲಜನಕದ ಸಹಾಯದಿಂದ ಮೆಲ್ಲಗೆ ಉರಿಸಿ ಶಕ್ತಿ ಪಡೆಯುತ್ತವೆ. ಈ ಕೆಲಸ ನಡೆಯುವ ಒಲೆಗಳಿಗೆ ಮೈಟೊಕಾಂಡ್ರಿಯ ಎಂದು ಹೆಸರು. ಒಲೆ ಸರಿಯಾಗಿ ಉರಿದಾಗ ಆಮ್ಲಜನಕ ನೀರಾಗಿ ಮುಗಿಯುತ್ತದೆ. ಆದರೆ ಅದರ ಒಂದು ಸಣ್ಣ ಪಾಲು ಕೊನೆಯವರೆಗೂ ಹೋಗದೆ, ನಡುದಾರಿಯಲ್ಲಿ ಒಂದು ಎಲೆಕ್ಟ್ರಾನನ್ನು ಮಾತ್ರ ಹಿಡಿದುಕೊಂಡು ಹೊರಬೀಳುತ್ತದೆ. ಇದೇ ಸೂಪರ್ ಆಕ್ಸೈಡ್. ಇಂಥ ಒಂಟಿ ಎಲೆಕ್ಟ್ರಾನಿನ ಕಣಗಳನ್ನು ಫ್ರೀ ರಾಡಿಕಲ್‌ಗಳೆನ್ನುತ್ತಾರೆ. ಇವುಗಳಿಂದ ಹುಟ್ಟುವ ಇನ್ನೂ ಉಗ್ರವಾದ ಕಣಗಳು ಅಕ್ಕಪಕ್ಕದ ಕೊಬ್ಬನ್ನೂ ಪ್ರೋಟೀನನ್ನೂ ಕೆಡಿಸುತ್ತ ಹೋಗುತ್ತವೆ. ಎಣ್ಣೆ ಹಳಸಿ ಕಮಟು ವಾಸನೆ ಬರುವುದು ಇಂಥ ಕ್ರಿಯೆಯಿಂದಲೇ. ರಸಾಯನಶಾಸ್ತ್ರದ ನಮ್ಮ ಪುಸ್ತಕಗಳು ಇದನ್ನು 'ಉತ್ಕರ್ಷಣ' ಎನ್ನುತ್ತವೆ. ಉತ್ಕರ್ಷವೆಂದರೆ ಏಳಿಗೆ ಎಂದೇ ತಿಳಿದ ನಮ್ಮಂಥವರಿಗೆ ಹಳಸುವುದಕ್ಕೂ ತುಕ್ಕು ಹಿಡಿಯುವುದಕ್ಕೂ ಈ ಹೆಸರು ವಿಚಿತ್ರವಾಗಿ ಕೇಳಿಸುತ್ತದೆ. ಇರಲಿ.

1969ರಲ್ಲಿ ಅಮೆರಿಕೆಯ ಡ್ಯೂಕ್ ವಿಶ್ವವಿದ್ಯಾನಿಲಯದ ಮೆಕಾರ್ಡ್ ಮತ್ತು ಫ್ರಿಡೊವಿಚ್ ಎಂಬವರು ದನದ ರಕ್ತದಿಂದ ತೆಗೆದ ಒಂದು ಕಿಣ್ವದ ನಿಜವಾದ ಕೆಲಸವನ್ನು ಪತ್ತೆಮಾಡಿದರು. ಸೂಪರ್ ಆಕ್ಸೈಡನ್ನು ಹಿಡಿದು ತಣಿಸುವುದೇ ಅದರ ಕೆಲಸ. ಆ ಕಿಣ್ವ ತಣಿಸಿದಾಗ ಹುಟ್ಟುವ ಹೈಡ್ರೊಜನ್ ಪೆರಾಕ್ಸೈಡನ್ನು ನೀರಾಗಿಸಲು ಬೇರೆ ಕಿಣ್ವಗಳಿವೆ. ಅವುಗಳ ಜೊತೆಗೆ ಗ್ಲುಟಾಥಯಾನ್, ವಿಟಮಿನ್ 'ಸಿ', ವಿಟಮಿನ್ 'ಇ' ಮೊದಲಾದವು ಸೇರಿ ಒಂದು ಕಾವಲುಪಡೆಯೇ ನಮ್ಮೊಳಗಿದೆ. ಇವುಗಳಿಗೆ ಉತ್ಕರ್ಷಣ ನಿರೋಧಕಗಳೆಂದು ಹೆಸರು. ಆಂಟಿ ಆಕ್ಸಿಡೆಂಟ್ ಎಂದು ಜಾಹೀರಾತುಗಳಲ್ಲಿ ದಿನವೂ ಕೇಳುತ್ತೇವಲ್ಲ, ಅವೇ ಇವು. ಕಿಡಿಗೂ ಕಾವಲಿಗೂ ಇರುವ ತೂಕ ತಪ್ಪಿ ಕಿಡಿಯ ಕಡೆ ತಕ್ಕಡಿ ವಾಲಿದಾಗ 'ಉತ್ಕರ್ಷಣದ ಒತ್ತಡ' ಉಂಟಾಯಿತೆನ್ನುತ್ತಾರೆ.

ಇಷ್ಟನ್ನೇ ಕೇಳಿದರೆ ಫ್ರೀ ರಾಡಿಕಲ್ ರಾಕ್ಷಸ, ನಿರೋಧಕ ದೇವತೆ ಎಂಬ ಕಥೆ ಸಿದ್ಧವಾಗಿಬಿಡುತ್ತದೆ. ಮಾರುಕಟ್ಟೆ ನಮಗೆ ಹೇಳಿಕೊಟ್ಟಿರುವುದೂ ಆ ಕಥೆಯನ್ನೇ. ಆದರೆ ಕಥೆಯ ಇನ್ನೊಂದು ಭಾಗವಿದೆ.

1882ರಲ್ಲಿ ರಷ್ಯದ ಮೆಚ್ನಿಕಾಫ್ ಸಿಸಿಲಿಯ ಮೆಸ್ಸೀನದಲ್ಲಿದ್ದಾಗ ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಒಂದು ಮುಳ್ಳನ್ನು ಚುಚ್ಚಿ ನೋಡಿದ. ಮರುದಿನ ಆ ಮುಳ್ಳಿನ ಸುತ್ತ ಅಲೆದಾಡುವ ಕೋಶಗಳು ಮುತ್ತಿಕೊಂಡಿದ್ದವು. ನಮ್ಮ ರಕ್ತದ ಬಿಳಿಕಣಗಳೂ ಹೀಗೆಯೇ ಕ್ರಿಮಿಗಳನ್ನು ಸುತ್ತುವರಿದು ನುಂಗುತ್ತವೆಂಬ ಅವನ ಸಿದ್ಧಾಂತಕ್ಕೆ 1908ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ನುಂಗಿದ ಮೇಲೆ ಕೊಲ್ಲುವುದು ಹೇಗೆ? 1933ರಲ್ಲಿಯೇ ಇಬ್ಬರು ವಿಜ್ಞಾನಿಗಳು, ಕ್ರಿಮಿಯನ್ನು ನುಂಗುವಾಗ ಬಿಳಿಕಣ ಇದ್ದಕ್ಕಿದ್ದಂತೆ ಹೆಚ್ಚು ಆಮ್ಲಜನಕವನ್ನು ಎಳೆದುಕೊಳ್ಳುವುದನ್ನು ಗುರುತಿಸಿದ್ದರು. ಅದರ ಗುಟ್ಟು ಹೊರಬಿದ್ದದ್ದು 1973ರಲ್ಲಿ. ಬಿಳಿಕಣ ಆ ಆಮ್ಲಜನಕವನ್ನು ಬೇಕೆಂದೇ ಸೂಪರ್ ಆಕ್ಸೈಡ್ ಮಾಡುತ್ತದೆಂದು ಬೇಬಿಯರ್ ಮತ್ತು ಅವನ ಸಂಗಡಿಗರು ತೋರಿಸಿದರು. ಒಲೆಯಿಂದ ತಪ್ಪಿಸಿಕೊಂಡು ಹೊರಬೀಳುವ ಕಿಡಿಯನ್ನೇ ಈ ಕಣಗಳು ಆಯುಧವಾಗಿ ತಯಾರಿಸಿಕೊಳ್ಳುತ್ತವೆ.

ಆ ಆಯುಧಶಾಲೆಯಲ್ಲಿ ಇನ್ನೊಂದು ಅಸ್ತ್ರವಿದೆ, ಹೈಪೊಕ್ಲೋರಸ್ ಆಮ್ಲ. ನಾವು ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ನೀರಿನಲ್ಲಿ ಕ್ರಿಮಿಯನ್ನು ಕೊಲ್ಲುವುದು ಇದೇ ವಸ್ತುವಿನಿಂದ. ಇದನ್ನು ತಯಾರಿಸುವ ಕಿಣ್ವದ ಬಣ್ಣ ಹಸಿರು. ಕೀವಿಗೆ ಒಮ್ಮೊಮ್ಮೆ ಹಸಿರು ಛಾಯೆ ಬರುವುದು ಅದರಿಂದ. 1847ರಲ್ಲಿ ವಿಯೆನ್ನದ ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದಾಗ, ವೈದ್ಯರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಸೆಮ್ಮೆಲ್‌ವೈಸ್ ಕಟ್ಟುಮಾಡಿದ. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನಿನ ಹೊತ್ತಿಗೆ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಆ ಸುಣ್ಣದ ನೀರಿನ ಸತ್ವವೂ ಇದೇ ಬಗೆಯದು. ಸೆಮ್ಮೆಲ್‌ವೈಸ್ ಬೋಗುಣಿಯಲ್ಲಿ ಕಲಸಿಟ್ಟದ್ದನ್ನು ನಮ್ಮ ಬಿಳಿಕಣಗಳು ಅನಾದಿಯಿಂದ ತಯಾರಿಸುತ್ತ ಬಂದಿವೆ.

ಈ ಕಿಡಿ ಹುಟ್ಟದಿದ್ದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ಕೆಲವು ಮಕ್ಕಳ ಬಿಳಿಕಣಗಳಿಗೆ ಹುಟ್ಟಿನಿಂದಲೇ ಸೂಪರ್ ಆಕ್ಸೈಡ್ ತಯಾರಿಸುವ ಶಕ್ತಿ ಇರುವುದಿಲ್ಲ. ಅಂಥ ಮಕ್ಕಳಿಗೆ ಮೇಲಿಂದ ಮೇಲೆ ಸೋಂಕು, ಕುರು, ನ್ಯುಮೋನಿಯ. ಹಿಂದೆ ಅವರಲ್ಲಿ ಬಹಳ ಮಂದಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಳ್ಳುತ್ತಿದ್ದರು. ಆದ್ದರಿಂದ ಈ ಬೆಂಕಿ ಬೇಕು. ಅದು ಇರಬೇಕಾದ ಕಡೆ ಇರಬೇಕು. ಬಿಳಿಕಣ ಕ್ರಿಮಿಯನ್ನು ಒಂದು ಪುಟ್ಟ ಚೀಲದೊಳಗೆ ಹಾಕಿಕೊಂಡು, ಆ ಚೀಲದೊಳಗೇ ಈ ವಿಷವನ್ನು ಸುರಿಯುತ್ತದೆ. ಶಿವ ನಂಜನ್ನು ಗಂಟಲಲ್ಲಿ ತಡೆದ ಕಥೆ ನನಗೆ ಇಲ್ಲಿ ನೆನಪಾಗದೆ ಇರುವುದಿಲ್ಲ. ಹೊರಗೆ ಉಗುಳಿದರೆ ಲೋಕಕ್ಕೆ ಕೇಡು, ಒಳಗೆ ಇಳಿದರೆ ತನಗೆ ಕೇಡು.

ಸೆಪ್ಸಿಸ್ಸಿನಲ್ಲಿ ನಂಜು ಗಂಟಲಿನಿಂದ ಕೆಳಗೆ ಇಳಿದುಬಿಡುತ್ತದೆ. ಒಂದು ಗಾಯದ ಸುತ್ತ ನಡೆಯಬೇಕಾದ ಹೋರಾಟ ಮೈಯೆಲ್ಲ ಹಬ್ಬುತ್ತದೆ. ಉದ್ರಿಕ್ತವಾದ ಬಿಳಿಕಣಗಳು ರಕ್ತನಾಳಗಳ ಒಳಪದರದ ಮೇಲೆಯೇ ತಮ್ಮ ಅಸ್ತ್ರಗಳನ್ನು ಚೆಲ್ಲುತ್ತವೆ. ನಾಳಗಳು ಸಡಿಲಗೊಂಡು ಸೋರತೊಡಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ. ಮೈಟೊಕಾಂಡ್ರಿಯದ ಒಲೆಗಳು ಕೆಟ್ಟು, ಆಮ್ಲಜನಕ ಬಂದರೂ ಅದನ್ನು ಬಳಸಿಕೊಳ್ಳಲಾರದ ಸ್ಥಿತಿ ಬರುತ್ತದೆ. ಕೆಟ್ಟ ಒಲೆಯಿಂದ ಇನ್ನಷ್ಟು ಕಿಡಿ. ಮೂತ್ರಪಿಂಡ ನಿಲ್ಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಬುದ್ಧಿ ಮಂಕಾಗುತ್ತದೆ. ಇವುಗಳಲ್ಲಿ ಉತ್ಕರ್ಷಣದ ಪಾಲು ಎಷ್ಟು, ಉಳಿದುವುಗಳ ಪಾಲು ಎಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಪಾಲು ಇದೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಹಾಗಾದರೆ ಮದ್ದು ಅಂಗೈ ನೆಲ್ಲಿಯಷ್ಟು ಸ್ಪಷ್ಟವಲ್ಲವೆ? ಕಿಡಿ ಹೆಚ್ಚಾಗಿದೆ, ಕಾವಲು ಕಡಿಮೆಯಾಗಿದೆ. ಕಾವಲನ್ನು ಹೊರಗಿನಿಂದ ತುಂಬಿದರೆ ಆಯಿತು. ಈ ತರ್ಕಕ್ಕೆ ಒಳ್ಳೆಯ ಆಧಾರಗಳೂ ಇದ್ದವು. ಸೆಪ್ಸಿಸ್ ರೋಗಿಗಳ ರಕ್ತದಲ್ಲಿ ವಿಟಮಿನ್ 'ಸಿ' ಬಹಳ ಕಡಿಮೆಯಾಗಿರುವುದು ಮತ್ತೆ ಮತ್ತೆ ಕಂಡುಬಂದಿತ್ತು. ರಕ್ತದೊತ್ತಡವನ್ನು ಹಿಡಿದು ನಿಲ್ಲಿಸುವ ನಾರ್ ಅಡ್ರಿನಲಿನ್ ದೇಹದಲ್ಲಿ ತಯಾರಾಗಲು ಈ ವಿಟಮಿನ್ ಬೇಕು. ಮಿಕ್ಕ ಬಹುಪಾಲು ಸಸ್ತನಿಗಳು ತಮಗೆ ಬೇಕಾದ ವಿಟಮಿನ್ 'ಸಿ'ಯನ್ನು ತಾವೇ ಮಾಡಿಕೊಳ್ಳುತ್ತವೆ. ನಾವೂ ನಮ್ಮ ನೆಂಟರಾದ ಮಂಗಗಳೂ ಆ ಶಕ್ತಿಯನ್ನು ಕಳೆದುಕೊಂಡವರು. ನೆಲ್ಲಿಕಾಯಿಗೋ ನಿಂಬೆಹಣ್ಣಿಗೋ ಕೈಯೊಡ್ಡಬೇಕಾದವರು. ಹೀಗಿರುವಾಗ ಕಾಯಿಲೆಯಲ್ಲಿ ಬಿದ್ದವನಿಗೆ ಅದನ್ನು ಧಾರಾಳವಾಗಿ ಕೊಟ್ಟರೆ ತಪ್ಪೇನು?

2017ರಲ್ಲಿ ಈ ತರ್ಕಕ್ಕೆ ಕೋಡು ಮೂಡಿತು. ಅಮೆರಿಕೆಯ ವರ್ಜೀನಿಯ ಸಂಸ್ಥಾನದ ನಾರ್ಫೋಕ್‌ನಲ್ಲಿದ್ದ ಪಾಲ್ ಮಾರಿಕ್ ಎಂಬ ವೈದ್ಯರು ಒಂದು ವರದಿ ಪ್ರಕಟಿಸಿದರು. ಸೆಪ್ಸಿಸ್ ಆದ 47 ಜನರಿಗೆ ವಿಟಮಿನ್ 'ಸಿ', ಥಯಾಮಿನ್ ಮತ್ತು ಹೈಡ್ರೊಕಾರ್ಟಿಸೋನ್ ಮೂರನ್ನೂ ನರಕ್ಕೆ ಚುಚ್ಚಿ ಕೊಟ್ಟಾಗ ಸತ್ತವರು 4 ಜನ. ಅದಕ್ಕೆ ಹಿಂದಿನ ತಿಂಗಳುಗಳಲ್ಲಿ, ಈ ಮದ್ದು ಪಡೆಯದೆ ಇದ್ದ 47 ಜನರಲ್ಲಿ ಸತ್ತವರು 19. ಸುದ್ದಿ ಜಗತ್ತನ್ನು ಸುತ್ತಿತು. ನನ್ನ ಕೈಗೂ ಬಂದಿತು. ಅದರ ಒಂದು ಕತ್ತರಿಕೆಯನ್ನು ನಾನು ಪುಸ್ತಕದಲ್ಲಿಟ್ಟುಕೊಂಡಿದ್ದೆ.

ತಮ್ಮ ತೀವ್ರ ನಿಗಾ ಘಟಕದಲ್ಲಿ ಮಲಗಿದ್ದಾಗ ಆ ಕತ್ತರಿಕೆಯನ್ನು ತರಿಸಿ, ಅವನನ್ನು ನೋಡಿಕೊಳ್ಳುತ್ತಿದ್ದ ಚಿಕ್ಕ ವಯಸ್ಸಿನ ವೈದ್ಯೆಯ ಕೈಗೆ ಕೊಟ್ಟೆ. ಆಕೆ ನಿಂತೇ ಪೂರ್ತಿ ಓದಿದರು. "ನಾನೂ ಓದಿದ್ದೇನೆ ಸರ್. ಇದು ಮೊದಲಿನವರನ್ನೂ ಆಮೇಲಿನವರನ್ನೂ ಹೋಲಿಸಿದ್ದು ಅಷ್ಟೆ. ಸರಿಯಾದ ಪರೀಕ್ಷೆಗಳು ಈಗ ನಡೀತಾ ಇವೆ. ಫಲಿತಾಂಶ ಬರುವ ತನಕ ನಾನು ಕೊಡಲಾರೆ" ಎಂದರು. "ವಿಟಮಿನ್ ತಾನೇ ಅಮ್ಮ, ಕೊಟ್ಟರೆ ಏನು ನಷ್ಟ?" ಎಂದೆ. ಆಕೆ ಉತ್ತರ ಹೇಳಲಿಲ್ಲ. ನನಗೆ ಸಿಟ್ಟು ಬಂದಿತ್ತು. ಎರಡು ಒರಟು ಮಾತನ್ನೂ ಆಡಿದೆ. ತಮ್ಮ ಹೋದ ಮೇಲೆ ಆ ಸಿಟ್ಟು ನನ್ನಲ್ಲಿ ಗಟ್ಟಿಯಾಗಿ ಕುಳಿತಿತು. ಒಂದು ಚುಚ್ಚುಮದ್ದನ್ನು ತಡೆದದ್ದರಿಂದ ಅವನು ಹೋದ ಎಂದೇ ನಾನು ನಾಲ್ಕು ವರ್ಷ ನಂಬಿದ್ದೆ.

ಆ ನಾಲ್ಕು ವರ್ಷಗಳಲ್ಲಿ ಪರೀಕ್ಷೆಗಳ ಫಲಿತಾಂಶ ಒಂದೊಂದಾಗಿ ಬಂದವು. ಸರಿಯಾದ ಪರೀಕ್ಷೆ ಎಂದರೆ ಯಾವುದು ಎಂಬುದನ್ನೂ ಆಗಲೇ ನಾನು ಅರಿತದ್ದು. ಯಾವ ರೋಗಿಗೆ ಮದ್ದು, ಯಾವ ರೋಗಿಗೆ ಬರಿಯ ದ್ರವ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಣಯಿಸಬೇಕು. ಯಾರಿಗೆ ಏನು ಹೋಯಿತೆಂಬುದು ಆದಷ್ಟು ಮಟ್ಟಿಗೆ ವೈದ್ಯರಿಗೂ ತಿಳಿಯಬಾರದು. ಆಗ ಮಾತ್ರ ನಮ್ಮ ಆಸೆ ಲೆಕ್ಕದೊಳಗೆ ನುಸುಳುವುದಿಲ್ಲ. 2019ರಲ್ಲಿ 167 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಮೊದಲೇ ಗೊತ್ತುಮಾಡಿಕೊಂಡಿದ್ದ ಮುಖ್ಯ ಅಳತೆಗಳಲ್ಲಿ ವಿಟಮಿನ್ 'ಸಿ'ಯಿಂದ ಪ್ರಯೋಜನ ಕಾಣಲಿಲ್ಲ. ಆದರೆ ಸಾವು ಮಾತ್ರ ಮದ್ದು ಪಡೆದವರಲ್ಲಿ ಕಡಿಮೆಯಿತ್ತು. ನೂರಕ್ಕೆ 46ಕ್ಕೆ ಪ್ರತಿಯಾಗಿ 30. ಆಸೆ ಪೂರ್ತಿ ಆರಲಿಲ್ಲ. 2020ರಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್, ಬ್ರೆಜಿಲ್‌ಗಳಲ್ಲಿ 216 ಜನರ ಮೇಲೆ ಮೂರು ಮದ್ದುಗಳ ಪರೀಕ್ಷೆ ನಡೆದು, ವ್ಯತ್ಯಾಸವಿಲ್ಲ ಎಂದಾಯಿತು. 2021ರಲ್ಲಿ ಅಮೆರಿಕೆಯ 501 ಜನರಲ್ಲಿಯೂ ವ್ಯತ್ಯಾಸವಿಲ್ಲ. 2022ರಲ್ಲಿ ಕೆನಡ, ಫ್ರಾನ್ಸ್, ನ್ಯೂಜಿಲೆಂಡ್‌ಗಳ 35 ಘಟಕಗಳಲ್ಲಿ 872 ಜನರ ಮೇಲೆ ನಡೆದ 'ಲೋವಿಟ್' ಎಂಬ ದೊಡ್ಡ ಪರೀಕ್ಷೆಯ ಫಲ ಹೊರಬಂದಿತು. ಕೆ.ಜಿ. ತೂಕಕ್ಕೆ 50 ಮಿಲಿಗ್ರಾಂನಂತೆ ಆರು ಗಂಟೆಗೊಮ್ಮೆ, ಎಂದರೆ 60 ಕೆ.ಜಿ. ತೂಗುವವನಿಗೆ ದಿನಕ್ಕೆ 12 ಗ್ರಾಂ ವಿಟಮಿನ್ 'ಸಿ' ಕೊಡಲಾಗಿತ್ತು. 28ನೆಯ ದಿನದ ಹೊತ್ತಿಗೆ ಸತ್ತವರು ಅಥವಾ ಅಂಗಗಳು ಚೇತರಿಸದೆ ಯಂತ್ರಗಳ, ಮದ್ದುಗಳ ಆಸರೆಯಲ್ಲಿಯೇ ಉಳಿದವರು ಬರಿಯ ದ್ರವ ಪಡೆದವರಲ್ಲಿ ನೂರಕ್ಕೆ 38.5. ವಿಟಮಿನ್ ಪಡೆದವರಲ್ಲಿ ನೂರಕ್ಕೆ 44.5.

'ಕೊಟ್ಟರೆ ಏನು ನಷ್ಟ' ಎಂದು ನಾನು ಕೇಳಿದ್ದ ಪ್ರಶ್ನೆಗೆ ಉತ್ತರ ಆ ಅಂಕಿಯಲ್ಲಿತ್ತು. ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಅಷ್ಟು ಸುಂದರವಾದ ತರ್ಕ ಏಕೆ ಸೋತಿತು? ವಿದ್ವಾಂಸರು ಹೇಳುವ ಕಾರಣಗಳಲ್ಲಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಒಂದು, ಪ್ರಯೋಗಶಾಲೆಯ ಇಲಿಗಳಲ್ಲಿ ಇಂಥ ಮದ್ದುಗಳು ಹಲವು ಬಾರಿ ಗೆದ್ದಿದ್ದವು. ಆದರೆ ಇಲಿ ತನ್ನ ವಿಟಮಿನ್ 'ಸಿ'ಯನ್ನು ತಾನೇ ಮಾಡಿಕೊಳ್ಳುವ ಪ್ರಾಣಿ. ಮೇಲಾಗಿ, ಎಷ್ಟೋ ಪ್ರಯೋಗಗಳಲ್ಲಿ ಮದ್ದನ್ನು ಸೋಂಕಿಗೆ ಮೊದಲೇ ಅಥವಾ ಅದರ ಬೆನ್ನಲ್ಲೇ ಕೊಟ್ಟಿರುತ್ತಾರೆ. ಮನುಷ್ಯ ಆಸ್ಪತ್ರೆಗೆ ಬರುವುದು ಎರಡು ಮೂರು ದಿನ ಕಳೆದ ಮೇಲೆ. ಮನೆ ಹತ್ತಿ ಉರಿಯುವಾಗ ಬಾವಿ ತೋಡಿದರಂತೆ ಎಂಬ ಗಾದೆ ಇಲ್ಲಿ ಸಲ್ಲುತ್ತದೆ. ಎರಡು, ಬೆಂಕಿ ಎಲ್ಲಿದೆ, ನೀರು ಎಲ್ಲಿ ಬೀಳುತ್ತದೆ ಎಂಬುದು ಮುಖ್ಯ. ನರಕ್ಕೆ ಕೊಟ್ಟ ಮದ್ದು ರಕ್ತದಲ್ಲೆಲ್ಲ ಹರಡುತ್ತದೆ. ಕೆಟ್ಟ ಒಲೆ ಇರುವುದು ಜೀವಕೋಶದ ಒಳಗೆ. ಮೂರು, ನಿರೋಧಕವೆಂಬ ಹೆಸರಿದ್ದರೂ ವಿಟಮಿನ್ 'ಸಿ' ಎಲ್ಲ ಕಾಲಕ್ಕೂ ನಿರೋಧಕವಲ್ಲ. ಕಬ್ಬಿಣದ ಬಿಡಿ ಅಣುಗಳು ಹತ್ತಿರವಿದ್ದರೆ ಅದೇ ಹೊಸ ಕಿಡಿಗಳನ್ನು ಹುಟ್ಟಿಸಬಲ್ಲುದು. ನಾಲ್ಕು, ರಕ್ತದಲ್ಲಿ ವಿಟಮಿನ್ ಇಳಿದಿರುವುದು ರೋಗದ ಕಾರಣವಲ್ಲದೆ ರೋಗದ ಗುರುತು ಮಾತ್ರವೇ ಆಗಿರಬಹುದು. ಹೊಳೆ ಬತ್ತಿದೆ ಎಂದು ಎರಡು ಕೊಡ ನೀರು ಸುರಿದರೆ ಮಳೆ ಬಂದಂತಾಗುವುದಿಲ್ಲ. ಲೋವಿಟ್‌ನಲ್ಲಿ ಆದ ಕೇಡು ಯಾವ ದಾರಿಯಿಂದ ಆಯಿತೆಂಬುದನ್ನು ಅದನ್ನು ನಡೆಸಿದವರೂ ತೋರಿಸಲಾಗಲಿಲ್ಲ.

ವಿಟಮಿನ್ 'ಸಿ' ಒಂದರದೇ ಕಥೆಯಲ್ಲ ಇದು. ಕಿಣ್ವಗಳಿಗೆ ಬೇಕಾದ ಸೆಲೆನಿಯಂ ಎಂಬ ಧಾತುವನ್ನು ಜರ್ಮನಿಯ ಸಾವಿರಕ್ಕೂ ಮಿಕ್ಕ ಸೆಪ್ಸಿಸ್ ರೋಗಿಗಳಿಗೆ ಕೊಟ್ಟು ನೋಡಿದ ಪರೀಕ್ಷೆ 2016ರಲ್ಲಿ ಪ್ರಕಟವಾಯಿತು, ಸಾವು ಕಡಿಮೆಯಾಗಲಿಲ್ಲ. ಬೇರೆಯ ರೋಗದಲ್ಲಿ ಇನ್ನೂ ಹಳೆಯ ನಿದರ್ಶನವಿದೆ. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ, ಕ್ಯಾರಟ್ಟಿನ ಬಣ್ಣಕ್ಕೆ ಕಾರಣವಾದ ಬೀಟ ಕ್ಯಾರೊಟಿನನ್ನು ಮಾತ್ರೆಯಾಗಿ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಿತೆಂದು 1994ರಲ್ಲಿ ತಿಳಿದುಬಂದಿತು. ಇದರಿಂದ ತರಕಾರಿ ಕೆಟ್ಟದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಊಟದ ಎಲೆಯ ಮೇಲೆ ಹಿತವಾದದ್ದು ಔಷಧದ ಪ್ರಮಾಣದಲ್ಲಿಯೂ ಹಿತವೇ ಆಗಬೇಕೆಂಬ ನಿಯಮವಿಲ್ಲ. ಹಾಗೆಂದು ಶೋಧನೆ ನಿಂತಿಲ್ಲ. ಮೈಟೊಕಾಂಡ್ರಿಯದ ಒಳಕ್ಕೇ ಹೋಗಿ ಸೇರಬಲ್ಲ ನಿರೋಧಕಗಳನ್ನೂ, ಯಾವ ರೋಗಿಗೆ ಯಾವ ಗಳಿಗೆಯಲ್ಲಿ ಕೊಟ್ಟರೆ ಪ್ರಯೋಜನ ಎಂಬುದನ್ನೂ ಹುಡುಕುತ್ತಿದ್ದಾರೆ. ಹುಡುಕಲಿ. ಆದರೆ ಅದು ಪರೀಕ್ಷೆಯಲ್ಲಿ ನಿಲ್ಲುವ ತನಕ ನನ್ನಂಥವರು ಕತ್ತರಿಕೆ ಹಿಡಿದುಕೊಂಡು ವೈದ್ಯರ ಮುಂದೆ ನಿಲ್ಲಬಾರದು.

ಇನ್ನು ಆ ಸಂಜೆಯ ಮಾತು. ತಮ್ಮನನ್ನು ಆಸ್ಪತ್ರೆಗೆ ಕರೆದೊಯ್ದ ಬೆಳಿಗ್ಗೆ ಆ ವೈದ್ಯೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತಿನಿಂದ ಹೀಗೆ ತಪ್ಪು ತಪ್ಪು ಮಾತಾಡ್ತಾ ಇದ್ದಾರೆ?" ಎಂಬುದು. "ನಿನ್ನೆ ಸಂಜೆಯಿಂದ" ಎಂದೆ. ಆಕೆ ಅದನ್ನು ಬರೆದುಕೊಂಡರು, ಬೇರೇನೂ ಹೇಳಲಿಲ್ಲ. ಆ ಪ್ರಶ್ನೆಯ ಅರ್ಥ ನನಗೆ ಆದದ್ದು ಬಹಳ ತಡವಾಗಿ. ಕೆನಡದ ಆನಂದ್ ಕುಮಾರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೆಪ್ಸಿಸ್ಸಿನಿಂದ ರಕ್ತದೊತ್ತಡ ಕುಸಿದ ಮೇಲೆ ಮೊದಲ ಆರು ಗಂಟೆಗಳಲ್ಲಿ, ಸರಿಯಾದ ಜೀವಿರೋಧಕ ಮದ್ದು ತಡವಾದ ಒಂದೊಂದು ಗಂಟೆಗೂ ಬದುಕುವವರ ಪ್ರಮಾಣ ಸರಾಸರಿ ನೂರಕ್ಕೆ 7.6ರಷ್ಟು ಇಳಿಯುತ್ತದೆ. ಇದೂ ಹಿಂದಿನ ದಾಖಲೆಗಳನ್ನು ನೋಡಿ ಮಾಡಿದ ಲೆಕ್ಕವೇ ಹೊರತು ಚೀಟಿ ಎತ್ತಿ ಮಾಡಿದ್ದಲ್ಲ. ಮದ್ದನ್ನು ಬೇಕೆಂದೇ ತಡಮಾಡಿ ಪರೀಕ್ಷಿಸಲು ಯಾರಿಗೆ ಮನಸ್ಸು ಬರುತ್ತದೆ? ನ್ಯೂಯಾರ್ಕ್ ಸಂಸ್ಥಾನದ 49,331 ರೋಗಿಗಳ ದಾಖಲೆಗಳಿಂದ 2017ರಲ್ಲಿ ಬಂದ ಲೆಕ್ಕದಲ್ಲಿ ಈ ಇಳಿತ ಇಷ್ಟು ಕಡಿದಾಗಿಲ್ಲ. ಆದರೂ ದಿಕ್ಕು ಅದೇ: ಗಂಟೆ ಕಳೆದಂತೆ ಸಾವು ಹೆಚ್ಚು.

ನಾನು ಫೋನು ಇಟ್ಟದ್ದಕ್ಕೂ ಬೆಳಗಿನ ಬಸ್ಸಿಗೂ ನಡುವೆ ಹತ್ತು ಗಂಟೆಗಳಿದ್ದವು. ಆ ರಾತ್ರಿಯೇ ಹೊರಟಿದ್ದರೆ ಅವನು ಬದುಕುತ್ತಿದ್ದ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಅವನಿಗೆ ಸಿಗಬೇಕಾಗಿದ್ದು ಏನು, ಅದು ತಪ್ಪಿದ್ದು ಯಾರಿಂದ ಎಂಬುದನ್ನು ನಾಲ್ಕು ವರ್ಷ ನಾನು ತಪ್ಪಾದ ಕಡೆ ಹುಡುಕುತ್ತಿದ್ದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. 2022ರಲ್ಲಿ ಆ ವೈದ್ಯೆಗೆ ಒಂದು ಕಾಗದ ಬರೆದು ಕ್ಷಮೆ ಕೇಳಿದೆ. ವಾರದೊಳಗೆ ಉತ್ತರ ಬಂದಿತು. "ನೀವು ಕೇಳಿದ್ದರಲ್ಲಿ ತಪ್ಪಿರಲಿಲ್ಲ ಸರ್. ಆ ದಿನ ನನಗೂ ಕೊಟ್ಟುಬಿಡೋಣ ಎನ್ನಿಸಿತ್ತು" ಎಂದು ಬರೆದಿದ್ದರು. ಆ ಕಾಗದ ನನ್ನ ಬಳಿ ಇದೆ. ಹಳೆಯ ಕತ್ತರಿಕೆ ಇದ್ದ ಪುಸ್ತಕದಲ್ಲಿಯೇ ಇಟ್ಟಿದ್ದೇನೆ.

ಕೇಳುಗರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಗಾಯವೋ, ನ್ಯುಮೋನಿಯವೋ, ಮೂತ್ರದ ಸೋಂಕೋ ಆಗಿ, ಅದರ ಜೊತೆಗೆ ಮೈ ನಡುಗುವ ಚಳಿ ಬಂದರೆ, ಉಸಿರಾಟ ವೇಗವಾದರೆ, ಕೈಕಾಲು ತಣ್ಣಗಾದರೆ, ಮೂತ್ರ ಕಡಿಮೆಯಾದರೆ, ಎಲ್ಲಕ್ಕಿಂತ ಹೆಚ್ಚಾಗಿ ಮಾತು ತೊದಲಿ ಗುರುತು ತಪ್ಪಿದರೆ, ಅದನ್ನು ಜ್ವರದ ಬಡಬಡಿಕೆ ಎನ್ನಬೇಡಿ. ಮುದುಕರಲ್ಲಿಯೂ ಹಸುಗೂಸುಗಳಲ್ಲಿಯೂ ಜ್ವರವೇ ಇಲ್ಲದೆ ಮೈ ತಣ್ಣಗಾಗುವುದೂ ಉಂಟು. ಹೊತ್ತು ನೋಡಬೇಡಿ, ಬೆಳಗಾಗಲಿ ಎನ್ನಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ, 'ಇದು ಸೆಪ್ಸಿಸ್ ಇರಬಹುದೆ?' ಎಂದು ಬಾಯಿಬಿಟ್ಟು ಕೇಳಿರಿ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯವನ್ನಂತೂ ಚಿಕ್ಕದೆಂದು ಎಣಿಸಲೇಬೇಡಿ.

ನಮ್ಮ ಹಿತ್ತಿಲಿನಲ್ಲಿ ಒಂದು ನೆಲ್ಲಿಯ ಮರವಿದೆ. ತಮ್ಮನೇ ಊರಿನಿಂದ ಸಸಿ ತಂದು ನೆಟ್ಟದ್ದು. ಪ್ರತಿ ವರ್ಷ ಕಾಯಿ ಬಿಡುತ್ತದೆ. ಉಪ್ಪಿನಕಾಯಿ ಹಾಕುತ್ತೇವೆ, ಅಕ್ಕಪಕ್ಕದವರಿಗೂ ಕೊಡುತ್ತೇವೆ. ಅದು ಬಹಳ ಒಳ್ಳೆಯ ಕಾಯಿ. ಅದು ಮಾಡಲಾರದ ಕೆಲಸವನ್ನು ಈಗ ನಾನು ಅದರಿಂದ ಬಯಸುವುದಿಲ್ಲ.